ಅಂಗಿ ತೊಡುವಾಗ ಯಾವ ಕೈ ಮೊದಲು?

(ಭುಜದ ನೋವಿನ ಬಗ್ಗೆ ಮಾಡಿದ ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಯಾರಿಗೆಲ್ಲ ಭುಜ ನೋವಿದೆ, ಕೈ ಎತ್ತಿ ಅಂತ ನಾನು ಕೇಳುವುದಿಲ್ಲ. ಭುಜ ನೋವಿರುವವರಿಗೇ ಕೈ ಎತ್ತಿ ಅನ್ನುವುದು ಅನ್ಯಾಯ. ಬೇರೆ ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಬೆಳಗ್ಗೆ ಅಂಗಿ ತೊಡುವಾಗ ಯಾವ ಕೈಯನ್ನು ಮೊದಲು ತೋಳಿಗೆ ತೂರಿಸಿದಿರಿ?

ನೆನಪಿಲ್ಲ, ಅಲ್ವಾ? ಹಾಗಿದ್ದರೆ ನಿಮ್ಮ ಭುಜ ಚೆನ್ನಾಗಿದೆ. ಭುಜ ಹಿಡಿದುಕೊಂಡವರಿಗೆ ಇದು ಮರೆಯುವುದೇ ಇಲ್ಲ. ನೋವಿನ ಕೈ ಮೊದಲು ಒಳಗೆ, ಒಳ್ಳೆಯ ಕೈ ಆಮೇಲೆ. ಬಿಚ್ಚುವಾಗ ಉಲ್ಟಾ. ಯಾರೂ ಹೇಳಿಕೊಡಬೇಕಾಗಿಲ್ಲ, ನೋವೇ ನಾಲ್ಕು ದಿನದಲ್ಲಿ ಕಲಿಸಿಬಿಡುತ್ತದೆ.

ನಾನು ಫಿಸಿಯೋಥೆರಪಿಸ್ಟ್. ಜನ ಅಂಗಿ ಬಿಚ್ಚುವುದನ್ನು, ಹಾಕಿಕೊಳ್ಳುವುದನ್ನು ದಿನವೂ ನೋಡುತ್ತೇನೆ. ಪರೀಕ್ಷೆ ಅರ್ಧ ಅಲ್ಲೇ ಮುಗಿಯುತ್ತದೆ. ಅದರಲ್ಲಿ ಒಂದು ಕ್ಷಣ ಇದೆ, ಅದನ್ನು ನೀವೂ ಗಮನಿಸಿ ನೋಡಿ. ಕೆಲವರು ಕೈ ಅಲ್ಲಾಡಿಸುವ ಮೊದಲೇ ಉಸಿರು ಬಿಗಿ ಹಿಡಿಯುತ್ತಾರೆ. ಹೆಗಲು ಕಿವಿಯ ಹತ್ತಿರ ಏರುತ್ತದೆ. ಮುಖ ಕಿವುಚಿಕೊಳ್ಳುತ್ತದೆ. ಕೈ ಇನ್ನೂ ಒಂದಿಂಚೂ ಅಲ್ಲಾಡಿಲ್ಲ. ಆ ನೋವು ಎಲ್ಲಿಂದ ಬಂತು? ಇವತ್ತು ನಾನು ಮಾತಾಡುವುದೆಲ್ಲ ಅದರ ಬಗ್ಗೆಯೇ.

ಮೊದಲು ಕೀಲನ್ನು ನೋಡೋಣ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದೀರಲ್ಲ? ಭುಜದ ಕೀಲು ಹೆಚ್ಚುಕಡಿಮೆ ಅದೇ. ರಟ್ಟೆಯ ಮೂಳೆಯ ತಲೆ ನಿಂಬೆಹಣ್ಣು. ಹೆಗಲ ಮೂಳೆಯ ಪುಟ್ಟ ಗುಳಿ ಚಮಚ. ಸೊಂಟದ ಕೀಲಾದರೆ ಆಳವಾದ ಬಟ್ಟಲು, ಚೆಂಡು ಅದರೊಳಗೆ ಕೂತಿರುತ್ತದೆ. ಭುಜದಲ್ಲಿ ಹಾಗಿಲ್ಲ. ಅದಕ್ಕೇ ಕೈಯನ್ನು ಇಷ್ಟೊಂದು ದಿಕ್ಕಿಗೆ ತಿರುಗಿಸಬಹುದು, ಬೆನ್ನನ್ನೂ ಕೆರೆದುಕೊಳ್ಳಬಹುದು. ಅದಕ್ಕೇ ಮೈಯ ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾರುವುದೂ ಇದೇ. ನಿಂಬೆಹಣ್ಣು ಬೀಳದ ಹಾಗೆ ಹಿಡಿದಿರುವುದು ನಾಲ್ಕು ಸ್ನಾಯುಗಳು ಮತ್ತು ಅವುಗಳ ತುದಿಯ ಗಟ್ಟಿ ನಾರುಗಳು. ಎಲ್ಲ ಸೇರಿ ರೊಟೇಟರ್ ಕಫ್. ಆ ಹೆಸರನ್ನು ನಿಮ್ಮಲ್ಲಿ ಹಲವರು ರಿಪೋರ್ಟಿನಲ್ಲಿ ಓದಿರುತ್ತೀರಿ.

ಬಿದ್ದಾಗ, ಭಾರವನ್ನು ಒಮ್ಮೆಲೇ ಎಳೆದಾಗ, ಒಂದೇ ದಿನ ಇಡೀ ಗೋಡೆಗೆ ಬಣ್ಣ ಬಳಿದಾಗ ಇಲ್ಲಿ ಪೆಟ್ಟಾಗುತ್ತದೆ. ಊತ ಬರುತ್ತದೆ. ಪೆಟ್ಟಾದ ಜಾಗದಲ್ಲಿ ಒಸರುವ ರಾಸಾಯನಿಕಗಳು ಅಲ್ಲಿನ ನರದ ತುದಿಗಳನ್ನು ಸೂಕ್ಷ್ಮ ಮಾಡುತ್ತವೆ. ಇದು ಹೊಸ ನೋವು. ಕೆಟ್ಟದ್ದು ನಿಜ, ಆದರೆ ಉಪಕಾರಿ. "ಸ್ವಲ್ಪ ದಿನ ಈ ಕೈಗೆ ಕೆಲಸ ಹಚ್ಚಬೇಡ" ಅನ್ನುತ್ತದೆ. ಮಾತು ಕೇಳಿದರೆ ಹೆಚ್ಚಿನ ಸಲ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. 3 ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತೇವೆ. ಕ್ಯಾಲೆಂಡರಿನ ಲೆಕ್ಕ ಅಷ್ಟೆ. ತೊಂಬತ್ತನೇ ದಿನ ರಾತ್ರಿ ಮೈಯಲ್ಲಿ ಏನೋ ಸ್ವಿಚ್ ಒತ್ತಿದ ಹಾಗೆ ಆಗುವುದಿಲ್ಲ.

ಈಗ ನನ್ನದೇ ಕತೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ, ಹಾಗಾಯಿತು. ಕೆಲವು ವರ್ಷಗಳ ಹಿಂದೆ ಸೂಟ್‌ಕೇಸನ್ನು ಅಟ್ಟದ ಮೇಲೆ ಇಡಲು ಹೋಗಿ ಬಲಭುಜ ಚಳಕ್ ಅಂದಿತು. ಎರಡು ವಾರ ಕಳೆದರೂ ನೋವು ಹೋಗಲಿಲ್ಲ. ಸ್ಕ್ಯಾನ್ ಮಾಡಿಸಿದೆ. ನೋಡಿದ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಹರಿದಿದೆ ನೋಡಿ. ಹುಷಾರು, ಪೂರ್ತಿ ಕಿತ್ತುಹೋದೀತು" ಅಂದರು. ಅವರು ಹೇಳಿದ್ದು ಒಳ್ಳೆಯದಕ್ಕೇ. ಆದರೆ ಆ ಕೋಣೆಗೆ ಹೋಗುವಾಗ ಬಲಗೈಯಲ್ಲೇ ಬಾಗಿಲು ತಳ್ಳಿದ್ದವನು ಹೊರಗೆ ಬರುವಾಗ ಎಡಗೈಯಲ್ಲಿ ತಳ್ಳಿದೆ. ಒಳಗೆ ಹೋಗಿದ್ದ ನಾರೂ ಹೊರಗೆ ಬಂದ ನಾರೂ ಒಂದೇ. ಮಧ್ಯೆ ಸೇರಿದ್ದು ಒಂದು ಮಾತು.

ಮುಂದಿನ ಎರಡು ತಿಂಗಳು ನಾನು ಲೋಟವನ್ನೂ ಬಲಗೈಯಲ್ಲಿ ಎತ್ತಲಿಲ್ಲ. ಬಟ್ಟೆ ಹರಿಯುವ ಪರ್ ಅನ್ನುವ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು. ದಿನವಿಡೀ ಬೇರೆಯವರಿಗೆ "ಕೈ ಆಡಿಸಿ, ಏನೂ ಆಗಲ್ಲ" ಅಂತ ಹೇಳುವವನು ನಾನು!

ಆಗ ನಾನು ಮರೆತಿದ್ದ ಒಂದು ಅಧ್ಯಯನ ಇದೆ. 2011ರಲ್ಲಿ ಪ್ರಕಟವಾದದ್ದು. 40ರಿಂದ 70 ವರ್ಷದ 51 ಗಂಡಸರ ಭುಜವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ಯಾರಿಗೂ ಭುಜದಲ್ಲಿ ನೋವಿರಲಿಲ್ಲ, ಏನೂ ತೊಂದರೆ ಇರಲಿಲ್ಲ. ಆದರೂ ಶೇಕಡಾ 96 ಮಂದಿಯ ಭುಜದಲ್ಲಿ ಏನಾದರೊಂದು ಕಂಡಿತು. ಕೆಲವರಿಗೆ ನಾರು ಸವೆದಿತ್ತು, ಕೆಲವರಿಗೆ ಕೀಲು ಸವೆದಿತ್ತು, ಕೆಲವರಿಗೆ ನಾರಿನ ಮೇಲಿರುವ ಜಾರು ಚೀಲ (ಬರ್ಸಾ) ದಪ್ಪಗಾಗಿತ್ತು. ಅಂದರೆ ಈ ವಯಸ್ಸಿನಲ್ಲಿ ಭುಜದ ಒಳಗೆ ಇಣುಕಿದರೆ ಏನೂ ಕಾಣದವರೇ ಅಪರೂಪ. ತಲೆಯಲ್ಲಿ ನರೆಗೂದಲು ಇದ್ದ ಹಾಗೆ. ನರೆಗೂದಲಿದೆ, ತಲೆನೋವೂ ಇದೆ ಅಂದಮಾತ್ರಕ್ಕೆ ನರೆಯಿಂದಲೇ ತಲೆನೋವು ಅನ್ನುತ್ತೀರಾ?

ಪೂರ್ತಿ ಹರಿದವರ ವಿಷಯಕ್ಕೆ ಬನ್ನಿ. ಪೆಟ್ಟಿಲ್ಲದೆ, ಸವೆದು ಹರಿದ ನಾರಿನವರನ್ನು ಅಮೆರಿಕದ ಹಲವು ಕೇಂದ್ರಗಳಲ್ಲಿ ಒಟ್ಟಾಗಿ ಅಧ್ಯಯನ ಮಾಡಿದರು. ಹರಿದ ಜಾಗ ದೊಡ್ಡದಾದಷ್ಟೂ ನೋವು ಜಾಸ್ತಿ ಇರಬೇಕಲ್ಲ? ಇರಲಿಲ್ಲ. ಎರಡಕ್ಕೂ ತಾಳೆಯೇ ಇಲ್ಲ ಅಂತ 2014ರಲ್ಲಿ ಬರೆದರು. ಅವರಿಗೆಲ್ಲ ವ್ಯಾಯಾಮ ಕೊಟ್ಟು ನೋಡಿದಾಗ, 2 ವರ್ಷದೊಳಗೆ ಆಪರೇಷನ್‌ಗೆ ಹೋದವರು ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ. ಯಾರು ಹೋದರು? ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಮುಂದಾಗಿ ಹೇಳಿದ್ದು ಹರಿದ ಜಾಗದ ಅಳತೆಯಲ್ಲ. "ವ್ಯಾಯಾಮದಿಂದ ಇದು ವಾಸಿಯಾಗುತ್ತದೆ ಅನ್ನಿಸುತ್ತದಾ?" ಅನ್ನುವ ಪ್ರಶ್ನೆಗೆ ಮೊದಲ ದಿನ ಅವರು ಕೊಟ್ಟ ಉತ್ತರ.

ಈ ಕತೆಯನ್ನು ಹೇಳುವಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ನಮ್ಮ ವೃತ್ತಿಯಲ್ಲೂ ವರ್ಷಗಟ್ಟಲೆ "ಮೂಳೆ ಉಜ್ಜುತ್ತಿದೆ" ಅಂತ ಹೇಳಿಕೊಂಡು ಬಂದಿದ್ದೇವೆ. 1972ರಲ್ಲಿ ಚಾರ್ಲ್ಸ್ ನೀರ್ ಎಂಬ ಸರ್ಜನ್ ಹೆಗಲ ತುದಿಯ ಮೂಳೆ ಕೆಳಗಿನ ನಾರನ್ನು ಒತ್ತುತ್ತದೆ, ಆ ಮೂಳೆಯನ್ನು ಕೆರೆದು ಜಾಗ ಮಾಡಬೇಕು ಎಂದರು. ಕೇಳಿದರೆ ಸರಿ ಅನ್ನಿಸುವ ಮಾತು. ಲಕ್ಷಾಂತರ ಆಪರೇಷನ್‌ಗಳಾದವು. 2018ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗದ ಫಲಿತಾಂಶ ಬಂತು. ಒಂದು ಗುಂಪಿಗೆ ಮೂಳೆ ಕೆರೆದರು. ಇನ್ನೊಂದು ಗುಂಪಿಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ನೋಡಿ, ಏನೂ ಕೆರೆಯದೆ ಹೊರಬಂದರು. ಮೂರನೆಯ ಗುಂಪಿಗೆ ಏನೂ ಮಾಡಲಿಲ್ಲ. ಕೆರೆಸಿಕೊಂಡವರಿಗೂ ಸುಮ್ನೆ ನೋಡಿಸಿಕೊಂಡವರಿಗೂ ವ್ಯತ್ಯಾಸವೇ ಬರಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಇಬ್ಬರೂ ತುಸು ಮೇಲಿದ್ದರು, ಆದರೆ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಫಿನ್ಲೆಂಡಿನ ಇನ್ನೊಂದು ಪ್ರಯೋಗವೂ ಅದೇ ವರ್ಷ ಅದನ್ನೇ ಹೇಳಿತು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಸಿಟ್ಟಾಗುತ್ತಾರೆ. "ಹಾಗಾದ್ರೆ ನನ್ನ ನೋವು ಸುಳ್ಳಾ? ಎಲ್ಲ ಮನಸ್ಸಿಂದೇ ಅಂತೀರಾ?"

ಅಲ್ಲ. ಹಾಗೆ ಹೇಳುವವರ ಮಾತು ನಂಬಬೇಡಿ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವೊಂದು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿತು. ಅದರ ತಾತ್ಪರ್ಯ ಇಷ್ಟು: ನೋವು ಅನ್ನುವುದು ಮೈಗೂ ಭಾವನೆಗೂ ಸೇರಿದ ಒಂದು ಅಹಿತ ಅನುಭವ. ಪೆಟ್ಟಾದಾಗ ಬರಬಹುದು, ಪೆಟ್ಟಾದೀತು ಅನ್ನುವ ಹಾಗಿದ್ದಾಗಲೂ ಬರಬಹುದು, ಪೆಟ್ಟಾದ ಹಾಗೆಯೇ ಅನ್ನಿಸಬಹುದು. ಜೊತೆಗೆ ಇನ್ನೊಂದು ಮಾತು ಸೇರಿಸಿದರು. ನೋವಿದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು. ಹಗ್ಗವನ್ನು ಹಾವು ಅಂದುಕೊಂಡವನ ಎದೆ ಸುಳ್ಳುಸುಳ್ಳೇ ಹೊಡೆದುಕೊಳ್ಳುವುದಿಲ್ಲ. ಬೆವರು ನಿಜ, ನಡುಕ ನಿಜ. ಹಾವು ಮಾತ್ರ ಇಲ್ಲ.

ಇದರ ಉಲ್ಟಾವೂ ಆಗುತ್ತದೆ. ಹಾವಿದ್ದರೂ ಭಯವಿಲ್ಲ! ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯರು ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋವಿಗೆ ಔಷಧ ಬೇಕಾ ಅಂತ ಕೇಳಿದರು. ಸುಮಾರು ಮುಕ್ಕಾಲು ಪಾಲು ಜನ ಬೇಡ ಅಂದರು. 1946ರಲ್ಲಿ ಅದನ್ನು ಬರೆದರು. ಆ ಗಾಯದ ಅರ್ಥ ಸೈನಿಕನಿಗೆ ಬೇರೆ: ಬದುಕಿದೆ, ಇನ್ನು ಮನೆಗೆ ಹೋಗುತ್ತೇನೆ. ಅಷ್ಟೇ ಗಾಯ ದುಡಿದು ತಿನ್ನುವ ಕೈಗೆ ಆಗಿದ್ದರೆ? ಅದರ ಅರ್ಥವೇ ಬದಲಾಗುತ್ತದೆ, ಜೊತೆಗೆ ನೋವೂ.

1977ರಲ್ಲಿ ಜಾರ್ಜ್ ಎಂಗೆಲ್ ಎಂಬ ಅಮೆರಿಕದ ವೈದ್ಯರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಕಾಯಿಲೆಯನ್ನು ಮೈಯಿಂದ ಮಾತ್ರ ಅಳೆಯುವುದು ಸಾಲದು, ಮನಸ್ಸು ಮತ್ತು ಸುತ್ತಲ ಬದುಕು ಎರಡನ್ನೂ ಸೇರಿಸಿ ನೋಡಿ ಎಂದರು. ಈಗ ಎಲ್ಲ ಪಠ್ಯಪುಸ್ತಕಗಳಲ್ಲೂ ಮೂರು ಉಂಗುರಗಳ ಚಿತ್ರ ಇರುತ್ತದೆ. ಆ ಚಿತ್ರ ನನಗೆ ಅಷ್ಟು ಇಷ್ಟವಿಲ್ಲ. ಮೂರನ್ನೂ ಬೇರೆ ಬೇರೆ ಡಬ್ಬಿ ಮಾಡಿಬಿಡುತ್ತದೆ. ಮೊದಲು ಮೈ ಪರೀಕ್ಷೆ, ಅಲ್ಲಿ ಏನೂ ಸಿಗದಿದ್ದರೆ ಮನಸ್ಸು ಅಂತ ದಾಟಿಸುವವರೇ ಜಾಸ್ತಿ. ಭುಜದಲ್ಲಿ ಹಾಗೆ ಸಾಲಾಗಿ ಬರುವುದಿಲ್ಲ.

ನಿದ್ದೆಯನ್ನೇ ತೆಗೆದುಕೊಳ್ಳಿ. ಭುಜ ನೋವು ರಾತ್ರಿ ಕಾಡುತ್ತದೆ. ಆ ಮಗ್ಗುಲಿಗೆ ಹೊರಳಿದರೆ ಎಚ್ಚರ. ನಾಲ್ಕು ಸಲ ಎದ್ದವರಿಗೆ ಮರುದಿನ ಅದೇ ನೋವು ಜಾಸ್ತಿ ಅನ್ನಿಸುತ್ತದೆ. ನಿದ್ದೆಗೆಟ್ಟರೆ ನೋವು ತಡೆಯುವ ಶಕ್ತಿ ಕುಗ್ಗುತ್ತದೆ, ಭುಜ ನೋವಿಲ್ಲದವರಲ್ಲೂ ಇದು ಕಂಡಿದೆ. ನೋವು ಜಾಸ್ತಿ ಅನ್ನಿಸಿದ ಮೇಲೆ ರಾತ್ರಿ ಬಂತೆಂದರೆ ಹೆದರಿಕೆ. ಹೆದರಿದವರಿಗೆ ನಿದ್ದೆ ಎಲ್ಲಿ? ಮನೆಯವರ ಮೇಲೆ ರೇಗಾಟ, ಕೆಲಸದಲ್ಲಿ ತಪ್ಪು. ಈಗ ಹೇಳಿ, ಇದರಲ್ಲಿ ಮೈ ಎಷ್ಟು, ಮನಸ್ಸು ಎಷ್ಟು, ಸಂಸಾರ ಎಷ್ಟು?

ನರಮಂಡಲದ ಕೆಲಸವೂ ಇದರಲ್ಲಿ ಸೇರುತ್ತದೆ. ತಿಂಗಳುಗಟ್ಟಲೆ ಒಂದೇ ಜಾಗದಿಂದ ನೋವಿನ ಸುದ್ದಿ ಬರುತ್ತಿದ್ದರೆ ಬೆನ್ನುಹುರಿಯ ನರಗಳು ಅದಕ್ಕೆ ಅತಿ ಚುರುಕಾಗಿಬಿಡುತ್ತವೆ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಬಿದ್ದರೂ ಬೊಗಳುತ್ತದಲ್ಲ, ಹಾಗೆ. ಸಣ್ಣ ಒತ್ತಡಕ್ಕೂ ದೊಡ್ಡ ಕೂಗು. ನೋವು ಭುಜದಿಂದ ಕತ್ತಿಗೆ, ರಟ್ಟೆಗೆ ಹರಡುತ್ತದೆ. ಬೆನ್ನುಹುರಿಯಲ್ಲೇ ಹೀಗಾಗುತ್ತದೆ ಎಂದು ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಪ್ರಾಣಿಗಳಲ್ಲಿ ತೋರಿಸಿದರು. ಹಳೆಯ ಭುಜ ನೋವಿನವರೆಲ್ಲರಿಗೂ ಹೀಗಾಗುತ್ತದೆ ಅಂತಲ್ಲ, ಕೆಲವರಿಗೆ ಆಗುತ್ತದೆ.

ಇನ್ನು ಹೆದರಿಕೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತಲ್ಲ. ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿಹೋಗುತ್ತಿತ್ತು. ಹಾಲು ಆರಿತ್ತು, ಬೆಕ್ಕು ಅದನ್ನು ಮುಟ್ಟಿ ನೋಡಲೇ ಇಲ್ಲ. ಬೆಕ್ಕು ಸೊರಗಿದ್ದು ಸುಟ್ಟ ನಾಲಿಗೆಯಿಂದ ಅಲ್ಲ, ಓಡಿದ್ದರಿಂದ. ಕೈ ಎತ್ತಿದರೆ ಹರಿದೀತು ಅಂತ ಎತ್ತದೇ ಇದ್ದವರ ಭುಜವೂ ಹೀಗೇ. ಸ್ನಾಯು ಬಲ ಕಳೆದುಕೊಳ್ಳುತ್ತದೆ, ಕೀಲು ಬಿಗಿಯುತ್ತದೆ. ಆಮೇಲೆ ಯಾವಾಗಲಾದರೂ ಎತ್ತಿದಾಗ ನಿಜಕ್ಕೂ ನೋಯುತ್ತದೆ. "ನೋಡಿದ್ರಾ, ನಾನು ಹೇಳಲಿಲ್ವಾ?" ಬೆಕ್ಕಿಗೆ ಸಾಕ್ಷಿ ಸಿಕ್ಕಿತು.

ನನ್ನ ಕತೆ ಅಲ್ಲಿಗೇ ಬಂದು ನಿಂತಿತ್ತು. ಅದರಿಂದ ನನ್ನನ್ನು ಹೊರಗೆ ತಂದದ್ದು ಅಧ್ಯಯನವಲ್ಲ, ಜೊತೆಗೆ ಕೆಲಸ ಮಾಡುವ ಒಬ್ಬ ಹಿರಿಯರು. ನನ್ನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಒಳ್ಳೆಯ ಕೈಯಲ್ಲಿ ನೋವಿನ ಕೈಯ ಮಣಿಕಟ್ಟು ಹಿಡಿಸಿ, ತಲೆಯ ಕಡೆಗೆ ಎತ್ತಲು ಹೇಳಿದರು. ಮಧ್ಯೆ ಒಂದು ಕಡೆ ಉಸಿರು ಸಿಕ್ಕಿಹಾಕಿಕೊಂಡಿತು. "ಉಸಿರು ಬಿಡು ಮಾರಾಯ, ಕೈ ಬಿಡಬೇಡ" ಅಂದರು. ಉಸಿರು ಬಿಟ್ಟೆ. ಕೈ ಹಿಂದೆ ಹೋಗಿ ನೆಲಕ್ಕೆ ತಾಗಿತು. ನೋವಾಯಿತು. ಆದರೆ ಪರ್ ಅನ್ನಲಿಲ್ಲ! ಮರುದಿನ ಹಲ್ಲುಜ್ಜಲು ಬ್ರಷ್ಷು ಬಲಗೈಗೆ ಬಂದಿತ್ತು, ಮುಗಿಯುವ ತನಕ ನಾನು ಗಮನಿಸಿರಲಿಲ್ಲ.

ಇಂಗ್ಲೆಂಡಿನಲ್ಲಿ ಭುಜ ನೋವಿಗೆ ಫಿಸಿಯೋಥೆರಪಿಗೆ ಬಂದ 1,030 ಮಂದಿಯನ್ನು 6 ತಿಂಗಳು ಹಿಂಬಾಲಿಸಿದ ಅಧ್ಯಯನವೊಂದಿದೆ. ಯಾರು ಚೆನ್ನಾಗಿ ಗುಣವಾದರು? ವಾಸಿಯಾಗುತ್ತದೆ ಅಂತ ನಿರೀಕ್ಷಿಸಿದವರು, ಮತ್ತು ನೋವಿದ್ದರೂ ನನ್ನ ಕೆಲಸ ನಾನು ಮಾಡಿಕೊಳ್ಳಬಲ್ಲೆ ಅನ್ನುವ ಧೈರ್ಯ ಇದ್ದವರು. ಶುರುವಿನಲ್ಲಿ ತೊಂದರೆ ಜಾಸ್ತಿ ಇದ್ದರೂ ಈ ಧೈರ್ಯ ಇದ್ದವರು, ತೊಂದರೆ ಕಡಿಮೆ ಇದ್ದು ಧೈರ್ಯ ಇಲ್ಲದವರಿಗಿಂತ ಹಿಂದೆ ಬೀಳಲಿಲ್ಲ. ಇದನ್ನು "ಧೈರ್ಯ ತಂದುಕೊಳ್ಳಿ" ಅನ್ನುವ ಉಪದೇಶ ಮಾಡಿಬಿಡಬೇಡಿ, ದಯವಿಟ್ಟು. ಹಾಗೆ ಹೇಳಿ ಯಾರಿಗೂ ಧೈರ್ಯ ಬಂದಿಲ್ಲ. ಕೈ ನೆಲಕ್ಕೆ ತಾಗಬೇಕು, ಆಗ ಬರುತ್ತದೆ.

ಸಮಾಜದ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ಭುಜ ಬೇರೆ, ಹೆಗಲು ಬೇರೆ. ನೋಯುವುದು ಭುಜ, ಹೊರುವುದು ಹೆಗಲು. ಜವಾಬ್ದಾರಿ ಹೆಗಲಿಗೇರುತ್ತದೆ, ಭುಜಕ್ಕೆ ಏರುವುದಿಲ್ಲ. ಭಾಷೆಗೆ ಗೊತ್ತಿರುವ ಈ ಸಂಗತಿಯನ್ನು ನಾವು ರೋಗಿಯ ಕಾರ್ಡಿನಲ್ಲಿ ಬರೆದುಕೊಳ್ಳುವುದಿಲ್ಲ.

ಒಬ್ಬರು ಬರುತ್ತಿದ್ದರು. ಹಾಸಿಗೆ ಹಿಡಿದ ತಂದೆಯನ್ನು ದಿನಕ್ಕೆ ಮೂರು ಸಲ ಎತ್ತಿ ಕುರ್ಚಿಗೆ ಕೂರಿಸಬೇಕು. ಮನೆಯಲ್ಲಿ ಇನ್ನೊಬ್ಬರಿಲ್ಲ. "ಭುಜಕ್ಕೆ ರೆಸ್ಟ್ ಕೊಡಿ" ಅಂತ ಮೂರು ಕಡೆ ಹೇಳಿಸಿಕೊಂಡು ಬಂದಿದ್ದರು. ನನ್ನ ಹತ್ತಿರ ನಗುತ್ತಾ, "ರೆಸ್ಟು ಎಲ್ಲಿ ಸಿಗುತ್ತೆ ಹೇಳಿ, ತಗೊಂಡು ಬರ್ತೀನಿ" ಅಂದರು. ಅವರಿಗೆ ನಾನು ಕೊಟ್ಟ ವ್ಯಾಯಾಮಕ್ಕಿಂತ ಕೆಲಸಕ್ಕೆ ಬಂದದ್ದು ಮಗ್ಗುಲಿಗೆ ಹೊರಳಿಸಿ ಕೂರಿಸುವ ಉಪಾಯ ಮತ್ತು ದಿನಕ್ಕೊಂದು ಸಲ ಪಕ್ಕದವರ ಸಹಾಯ.

ಇನ್ನೊಂದು ಮನೆಯಲ್ಲಿ ಇದರ ವಿರುದ್ಧ. ಎಲ್ಲರೂ ಪ್ರೀತಿಯವರು. ನೀರಿನ ಬಾಟಲಿ ಎತ್ತಲು ಹೋದರೂ "ಬಿಡಮ್ಮಾ, ನಾನು ತರ್ತೀನಿ". ಮೊದಲ ಎರಡು ವಾರಕ್ಕೆ ಅದು ಔಷಧ. ಆರು ತಿಂಗಳಾದ ಮೇಲೂ ನಡೆದರೆ, ಮನೆಯವರೆಲ್ಲ ಸೇರಿ ಆಕೆಯ ಕೈಯನ್ನು ಕಸಿದುಕೊಂಡ ಹಾಗೆ.

ಉದ್ಯೋಗದ ವಿಷಯ ಗೊತ್ತಿದ್ದದ್ದೇ. ಕೈ ತಲೆಯ ಮೇಲೆತ್ತಿ ಮಾಡುವ ಕೆಲಸ, ಅದುರುವ ಯಂತ್ರ, ಒಂದೇ ಚಲನೆ ಸಾವಿರ ಸಲ. ಇದರ ಜೊತೆ ಇನ್ನೊಂದನ್ನು ಕೇಳಬೇಕು. ನಡುವೆ ಎರಡು ನಿಮಿಷ ಕೈ ಇಳಿಸಲು ನಿಮಗೆ ಸ್ವಾತಂತ್ರ್ಯ ಇದೆಯಾ? ರಜೆ ಹಾಕಿದರೆ ಕೆಲಸ ಉಳಿಯುತ್ತಾ? ಒತ್ತಡ ಜಾಸ್ತಿ ಇದ್ದು, ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಲ್ಲಿ ಕತ್ತು, ಭುಜಗಳ ನೋವು ಹೆಚ್ಚಾಗಿ ಕಾಣುತ್ತದೆ.

ಹಾಗಂತ ಹಳೆಯ ನೋವೆಲ್ಲ ನರ, ಹೆದರಿಕೆ, ಸಂಸಾರ ಅಂದುಬಿಟ್ಟರೂ ತಪ್ಪಾಗುತ್ತದೆ. ಫ್ರೋಜನ್ ಶೋಲ್ಡರ್ ನೋಡಿ. ಆ ಹೆಸರಿಟ್ಟದ್ದು 1934ರಲ್ಲಿ, ಅರ್ನೆಸ್ಟ್ ಕಾಡ್ಮನ್ ಎಂಬ ಅಮೆರಿಕದ ಸರ್ಜನ್. ವಿವರಿಸುವುದೂ ಕಷ್ಟ, ಗುಣಪಡಿಸುವುದೂ ಕಷ್ಟ ಅಂತ ಅವರೇ ಬರೆದರು. ಕೀಲಿನ ಸುತ್ತಲ ಚೀಲವೇ ದಪ್ಪಗಾಗಿ ಕುಗ್ಗುತ್ತದೆ. 40ರಿಂದ 60ರ ವಯಸ್ಸಿನಲ್ಲಿ ಜಾಸ್ತಿ, ಹೆಂಗಸರಲ್ಲಿ ಜಾಸ್ತಿ, ಶುಗರ್ ಇರುವವರಲ್ಲಂತೂ ಇನ್ನೂ ಜಾಸ್ತಿ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿ. ಈ ಕಾಯಿಲೆ ಇದ್ದರೆ ನೀವು ತಿರುಗಿಸಿದರೂ ತಿರುಗದು, ನಾನು ತಿರುಗಿಸಿದರೂ ತಿರುಗದು. ಅಲ್ಲಿ ಧೈರ್ಯದ ಪಾಠ ನಡೆಯುವುದಿಲ್ಲ. ವರ್ಷ, ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಬರೀ ನೋವಿನ ಮೊದಲ ಹಂತದಲ್ಲಿ ಕೀಲಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಚೆನ್ನಾಗಿ ಸಹಾಯ ಮಾಡುತ್ತದೆ. ಆದರೆ ಅದಕ್ಕೂ ರಾತ್ರಿ ಇದೆ, ಸಂಸಾರ ಇದೆ, "ಇದು ಹೋಗುತ್ತೋ ಇಲ್ವೋ" ಅನ್ನುವ ಚಿಂತೆ ಇದೆ. ಒಂದು ದಿನ ಹೋಗುತ್ತದೆ, ಹೆಚ್ಚಿನವರಿಗೆ ಬಹುಪಾಲು ಹೋಗುತ್ತದೆ ಅಂತ ಮೊದಲ ದಿನವೇ ಹೇಳಿದರೆ ಅವರ ಮುಖ ಸಡಿಲವಾಗುವುದನ್ನು ನಾನು ಕಣ್ಣಾರೆ ನೋಡುತ್ತೇನೆ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳು.

"ಹಾಗಾದ್ರೆ ಸ್ಕ್ಯಾನ್ ಮಾಡಿಸಲೇಬಾರದಾ?" ಮಾಡಿಸಬೇಕಾದಾಗ ಮಾಡಿಸಲೇಬೇಕು. ಬಿದ್ದ ಮೇಲೆ ಕೈ ಎತ್ತಲು ಆಗುತ್ತಲೇ ಇಲ್ಲ, ಭುಜದ ಆಕಾರವೇ ಬದಲಾಗಿದೆ, ಜ್ವರದ ಜೊತೆ ಕೀಲು ಕೆಂಪಾಗಿ ಸುಡುತ್ತಿದೆ, ಕೈ ಜೋಮು ಹಿಡಿದು ಬಲ ಹೋಗುತ್ತಿದೆ, ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಹಿಂದೆ ಕ್ಯಾನ್ಸರ್ ಆಗಿತ್ತು. ಇವು ಯಾವುದಿದ್ದರೂ ಕಾಯಬೇಡಿ, ವೈದ್ಯರನ್ನು ನೋಡಿ. ಎದೆ ಬಿಗಿತ, ಬೆವರು, ಏದುಸಿರಿನ ಜೊತೆ ಭುಜ ನೋವು ಬಂದರೆ ಅದು ಹೃದಯದ್ದಿರಬಹುದು, ನೇರ ತುರ್ತು ಚಿಕಿತ್ಸೆಗೆ ಹೋಗಿ. ಉಳಿದವರು ಸ್ಕ್ಯಾನ್ ಮಾಡಿಸಿಕೊಂಡರೆ ಒಂದನ್ನು ಕೇಳಿ: "ಇದರಲ್ಲಿ ಕಂಡದ್ದು ನನ್ನ ವಯಸ್ಸಿನ, ನೋವಿಲ್ಲದವರಲ್ಲೂ ಕಾಣುತ್ತದಾ?"

ಎರಡನೆಯದು ಹಿಂದಿನ ಸಾಲಿನ ಒಬ್ಬ ಹಿರಿಯರದು. "ಮೂರು ತಿಂಗಳಿಂದ ಕುರ್ಚಿಯಲ್ಲೇ ಮಲಗ್ತಿದೀನಿ. ಹಾಸಿಗೆಗೆ ಹೋಗೋದು ಹೇಗೆ?" ಕುರ್ಚಿಯಲ್ಲಿ ಮಲಗಿದ್ದು ತಪ್ಪಲ್ಲ. ಮೊದಲು ಹಾಸಿಗೆಯಲ್ಲಿ ಬೆನ್ನಿಗೆ ಮೂರು ದಿಂಬು ಒರಗಿಸಿ, ಅರ್ಧ ಕೂತ ಹಾಗೆ ಮಲಗಿ. ನೋವಿನ ಕೈಯ ಮೊಣಕೈ ಕೆಳಗೆ ಮಡಚಿದ ಟವೆಲ್ ಇಡಿ, ರಟ್ಟೆ ಹಿಂದಕ್ಕೆ ಜೋತು ಬೀಳಬಾರದು. ನಾಲ್ಕೈದು ರಾತ್ರಿ ಸರಿಹೋದರೆ ಒಂದು ದಿಂಬು ತೆಗೆಯಿರಿ. ಒಳ್ಳೆಯ ಮಗ್ಗುಲಿಗೆ ತಿರುಗುವ ದಿನ ಬಂದಾಗ ಎದೆಗೆ ಒಂದು ದಪ್ಪ ದಿಂಬು ಅಪ್ಪಿಕೊಂಡು ನೋವಿನ ಕೈಯನ್ನು ಅದರ ಮೇಲೆ ಮಲಗಿಸಿ. ಮಧ್ಯರಾತ್ರಿ ಎಚ್ಚರವಾದರೆ ಹೆದರಬೇಡಿ, ಎದ್ದು ಕುರ್ಚಿಗೆ ಹೋಗಿ. ಕುರ್ಚಿ ಅಲ್ಲೇ ಇರುತ್ತದೆ.